ಚಿತ್ರಗಳ ಕಾವಲಿಗೆ ನಿಂತ ಫ್ಯಾರಡೆ

ಮಕ್ಕಳೇ, ಮೈಕೇಲ್ ಫ್ಯಾರಡೆ ಹೆಸರು ಕೇಳಿದೊಡನೆ ನಿಮಗೆ ವಿದ್ಯುತ್ ನೆನಪಾಗುತ್ತದೆ ಅಲ್ಲವೇ? 1831ರಲ್ಲಿ ಕಾಂತದಿಂದ ವಿದ್ಯುತ್ ಪಡೆದು ತೋರಿಸಿದ ಆ ವಿಜ್ಞಾನಿ ವರ್ಣಚಿತ್ರಗಳ ರಕ್ಷಣೆಗೂ ದುಡಿದರು ಎಂಬುದು ಗೊತ್ತೇ?

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನಲ್ಲಿ. ತಂದೆ ಕಮ್ಮಾರ. ಮನೆಯಲ್ಲಿ ಬಡತನ. ಹದಿನಾಲ್ಕನೇ ವಯಸ್ಸಿಗೆ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ ಸೇರಿದರು. ಅಲ್ಲಿಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತರು. 1813ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯವರ ಸಹಾಯಕರಾದರು.

1840ರ ದಶಕದಲ್ಲಿ ಲಂಡನ್ನಿನ ಒಂದು ಕ್ಲಬ್ಬಿನಲ್ಲಿ ಪುಸ್ತಕಗಳ ಚರ್ಮದ ಹೊದಿಕೆ ಹಾಳಾಗುತ್ತಿತ್ತು. ಅಲ್ಲಿನ ಗ್ಯಾಸ್ ದೀಪಗಳಿಂದ ಹೊರಬರುವ ಗಂಧಕದ ಅಂಶವೇ ಇದಕ್ಕೆ ಕಾರಣವೆಂದು ಫ್ಯಾರಡೆ ಕಂಡುಕೊಂಡರು.

ಇಂಥದೇ ಅಪಾಯ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೂ ಎದುರಾಗಿತ್ತು. ಸುತ್ತಲೂ ಕಲ್ಲಿದ್ದಲು ಉರಿಸುವ ಚಿಮಣಿಗಳು. ಹೊಗೆಯ ಮಸಿ ಚಿತ್ರಗಳ ಮೇಲೆ ಕೂರುತ್ತಿತ್ತು. ಆಗಿನ ಚಿತ್ರಕಾರರು ಬಳಸುತ್ತಿದ್ದ ಬಿಳಿ ಬಣ್ಣದಲ್ಲಿ ಸೀಸ ಇರುತ್ತಿತ್ತು. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಅನಿಲ ತಗುಲಿದರೆ ಸೀಸದ ಬಿಳಿ ಕಪ್ಪಾಗುತ್ತದೆ! ಮಸಿ ತೆಗೆಯಲು ಪದೇ ಪದೇ ಒರೆಸಿದರೆ ಬಣ್ಣಕ್ಕೇ ಪೆಟ್ಟು.

ಗ್ಯಾಲರಿಗೆ ಪ್ರವೇಶ ಉಚಿತ. ಜನ ಗುಂಪುಗುಂಪಾಗಿ ಬರುತ್ತಿದ್ದರು. ಮಳೆ ಬಂದಾಗ ಒಳಗೆ ಬಂದು ನಿಲ್ಲುವವರೂ ಇದ್ದರು. ಅವರ ಉಸಿರಿನ ತೇವ, ಬಟ್ಟೆಯ ದೂಳು ಚಿತ್ರಗಳಿಗೆ ತಾಗುತ್ತಿದ್ದವು. ಹಾಗಾದರೆ ಚಿತ್ರಗಳನ್ನು ಊರಾಚೆ ಸಾಗಿಸಬೇಕೇ? ಸಾಗಿಸಿದರೆ ಬಡ ಕೆಲಸಗಾರರು ಅಷ್ಟು ದೂರ ಹೋಗಿ ನೋಡುವುದು ಹೇಗೆ?

1850ರಲ್ಲಿ ಫ್ಯಾರಡೆ, ಚಿತ್ರಕಾರ ಚಾರ್ಲ್ಸ್ ಈಸ್ಟ್‌ಲೇಕ್ ಮತ್ತು ಇನ್ನೊಬ್ಬರು ಸೇರಿ ಇದನ್ನು ಪರಿಶೀಲಿಸಿದರು. ಅವರು ಸೂಚಿಸಿದ ಉಪಾಯ ಸರಳವಾಗಿತ್ತು. ಚಿತ್ರದ ಮುಂದೆ ಗಾಜು ಹಾಕಬೇಕು, ಹಿಂಬದಿಯನ್ನೂ ಮುಚ್ಚಬೇಕು. ಆಗ ಹೊಗೆ, ದೂಳು ಒಳಹೋಗುವುದು ಕಡಿಮೆಯಾಗುತ್ತದೆ. ಚಿತ್ರವೂ ಕಾಣುತ್ತದೆ. 1857ರಲ್ಲಿ ಮತ್ತೊಂದು ಆಯೋಗ, ಗ್ಯಾಲರಿ ನಗರದ ನಡುವೆ ಇದ್ದಲ್ಲೇ ಇರಲಿ ಎಂದಿತು. ಇಂದಿಗೂ ಅದು ಅಲ್ಲೇ ಇದೆ, ಅನೇಕ ಚಿತ್ರಗಳಿಗೆ ಗಾಜಿನ ರಕ್ಷಣೆಯೂ ಇದೆ.

ಫ್ಯಾರಡೆ 1867ರ ಆಗಸ್ಟ್ 25ರಂದು ನಿಧನರಾದರು. ಬಡತನದಲ್ಲಿ ಬೆಳೆದ ಅವರ ವಿಜ್ಞಾನ, ಬಡವರೂ ನೋಡಬಹುದಾದ ಚಿತ್ರಗಳನ್ನು ಉಳಿಸಲು ನೆರವಾಯಿತು.

ಮಾಡಿ ನೋಡಿ: ಎರಡು ಬಿಳಿ ಬಟ್ಟೆಯ ತುಂಡುಗಳನ್ನು ತೆಗೆದುಕೊಳ್ಳಿ. ಒಂದನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ. ಎರಡನ್ನೂ ರಸ್ತೆ ಬದಿಯ ಕಿಟಕಿಯಲ್ಲಿ ಒಂದು ತಿಂಗಳು ತೂಗುಹಾಕಿ. ವ್ಯತ್ಯಾಸವನ್ನು ಗಮನಿಸಿ ಬರೆಯಿರಿ.