ಕನ್ನಡ ಕುಲಪುರೋಹಿತ ಆಲೂರು ವೆಂಕಟರಾಯರು

ನಾವು ಸಿಯಾಟಲ್‌ನಲ್ಲೂ ರಾಜ್ಯೋತ್ಸವ ಅಂತ ಸೇರ್ತೀವಲ್ಲ, ಅದರ ಹಿಂದೆ ಈ ಹೆಸರಿದೆ. ವೆಂಕಟರಾಯರು 1880ರಲ್ಲಿ ವಿಜಯಪುರದಲ್ಲಿ ಹುಟ್ಟಿದಾಗ ಕನ್ನಡಿಗರು ಮೈಸೂರು, ಮುಂಬೈ, ಮದ್ರಾಸ್, ಹೈದರಾಬಾದ್, ಕೊಡಗು ಅಂತ ಹಂಚಿಹೋಗಿದ್ದರು. ಧಾರವಾಡದ ಕಡೆಯಂತೂ ಮರಾಠಿಯದೇ ಜೋರು.

ಹಂಪಿ ನೋಡಿ ಬಂದ ಮೇಲೆ ರಾಯರಿಗೆ ವಕೀಲಿಕೆ ರುಚಿಸಲಿಲ್ಲ. ಪತ್ರಿಕೆ ನಡೆಸಿದರು, ಊರೂರು ತಿರುಗಿ ಭಾಷಣ ಮಾಡಿದರು, 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು. ನನಗೆ ಇಷ್ಟವಾಗೋದು ಇನ್ನೊಂದು ವಿಷಯ: ಕನ್ನಡಕ್ಕಾಗಿ ಹೋರಾಡಿದ ಇದೇ ಮನುಷ್ಯ ತಿಲಕರ ಮರಾಠಿ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದರು. ಜಗಳ ಭಾಷೆಯ ಜೊತೆ ಅಲ್ಲ, ಗಡಿಗೆರೆಯ ಜೊತೆ.

1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಭಾಷಾವಾರು ಪ್ರಾಂತ ಒಪ್ಪಿತು. ರಾಜ್ಯ ಆಗೋಕೆ ಮಾತ್ರ 1956ರ ನವೆಂಬರ್ 1 ಬರಬೇಕಾಯ್ತು. ಆಗಲೂ ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ 1956ರಲ್ಲಿ ಶ್ರೀಲಂಕಾ ಸಿಂಹಳವೊಂದೇ ಅಧಿಕೃತ ಭಾಷೆ ಅಂತ ಕಾನೂನು ಮಾಡಿತು. ಅಲ್ಲಿನ ತಮಿಳರ ನಾಯಕ ಚೆಲ್ವನಾಯಕಂ ಕೂಡ ಸತ್ಯಾಗ್ರಹದ ದಾರಿಯವರೇ. ಪ್ರಧಾನಿ ಬಂಡಾರನಾಯಕೆ ಜೊತೆ 1957ರಲ್ಲಿ ಆದ ಅವರ ಒಪ್ಪಂದ ಮರುವರ್ಷವೇ ರದ್ದಾಯಿತು. ದೆಹಲಿ ತಡವಾಗಿಯಾದರೂ ಕೇಳಿಸಿಕೊಂಡಿತು, ಕೊಲಂಬೊ ಕೇಳಲಿಲ್ಲ.

ರಾಯರು 1964ರಲ್ಲಿ ತೀರಿಕೊಂಡರು. ಮೈಸೂರು ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂದದ್ದು 1973ರಲ್ಲಿ.