ಏಕಾಕ್ಷ ಕೇಬಲಿನ ಜನಕ ಆಲಿವರ್ ಹೆವಿಸೈಡ್

ಹವ್ಯಾಸಿ ರೇಡಿಯೊ ನಡೆಸುವವರ ಮನೆಯಲ್ಲಿ ಪ್ರೇಷಕ ಯಂತ್ರದಷ್ಟೇ ಅವಶ್ಯವಾದ ಇನ್ನೊಂದು ವಸ್ತುವುಂಟು. ಅದು ಯಂತ್ರದಿಂದ ಆಂಟೆನಾದವರೆಗೆ ಹೋಗುವ ಕರಿಯ ಕೇಬಲ್. ನಡುವೆ ತಾಮ್ರದ ತಂತಿ, ಅದರ ಸುತ್ತ ಪಾಲಿಥೀನಿನ ನಿರೋಧಕ, ಅದರ ಮೇಲೆ ನವಿರಾದ ತಾಮ್ರದ ಎಳೆಗಳಿಂದ ಹೆಣೆದ ಬಲೆ, ಎಲ್ಲಕ್ಕೂ ಹೊರಗೆ ಕವಚ. ನಡುವಣ ತಂತಿಗೂ ಹೊರಗಣ ಬಲೆಗೂ ಅಕ್ಷ ಒಂದೇ ಆದುದರಿಂದ ಇದಕ್ಕೆ ಕೋಆಕ್ಸಿಯಲ್, ಎಂದರೆ ಏಕಾಕ್ಷ ಕೇಬಲ್ ಎಂದು ಹೆಸರು. ಇದರ ತುದಿಗೆ ಕನೆಕ್ಟರನ್ನು ಬೆಸೆಯುವುದು ನೋಡುವುದಕ್ಕೆ ಅಲ್ಪ ಕೆಲಸ. ತಾಳ್ಮೆಗೆಟ್ಟವನ ಕೈಗೆ ಮಾತ್ರ ಒಲಿಯುವಂಥದಲ್ಲ. ಪಿಎಲ್-259 ಎಂಬ ಕನೆಕ್ಟರಿನ ಮೈಮೇಲಿನ ರಂಧ್ರಗಳ ಮೂಲಕ ಬೆಸುಗೆ ಕರಗಿ ಬಲೆಯೊಳಗೆ ಇಳಿಯಬೇಕು. ಕಾವು ಸಾಲದಿದ್ದರೆ ಅದು ಮೇಲೆಯೇ ಉಂಡೆಗಟ್ಟಿ ನಿಲ್ಲುತ್ತದೆ. ಕಾವು ಮಿತಿಮೀರಿದರೆ ಪಾಲಿಥೀನು ಮೆತ್ತಗಾಗಿ ನಡುವಣ ತಂತಿ ಪಕ್ಕಕ್ಕೆ ಸರಿದು ಒಮ್ಮೊಮ್ಮೆ ಬಲೆಯನ್ನೇ ತಾಗುತ್ತದೆ. ಇಂತಹ ಕೇಬಲಿಗೆ 1880ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದವನು ಆಲಿವರ್ ಹೆವಿಸೈಡ್. ಆಗ ಅವನಿಗೆ ಉದ್ಯೋಗವಿರಲಿಲ್ಲ. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ.

ಅವನು ಹುಟ್ಟಿದುದು 1850ರ ಮೇ 18ರಂದು, ಲಂಡನ್ನಿನ ಕ್ಯಾಮ್ಡನ್ ಟೌನಿನಲ್ಲಿ. ತಂದೆಯದು ಮರದ ಹಲಗೆಯಲ್ಲಿ ಚಿತ್ರ ಕೊರೆಯುವ ಕಸಬು, ಮನೆಯಲ್ಲಿ ಬಡತನ. ಬಾಲ್ಯದಲ್ಲಿ ಬಂದ ಸ್ಕಾರ್ಲೆಟ್ ಜ್ವರ ಅವನ ಕಿವಿಯನ್ನು ಮಂದಮಾಡಿತು. ಹದಿನಾರನೆಯ ವಯಸ್ಸಿಗೆ ಶಾಲೆ ಮುಗಿಯಿತು. ತಂತಿ ವಿದ್ಯೆಯಲ್ಲಿ ಪ್ರಖ್ಯಾತನಾಗಿದ್ದ ಚಾರ್ಲ್ಸ್ ವೀಟ್‌ಸ್ಟನನು ಅವನ ತಾಯಿಯ ಸಹೋದರಿಯ ಪತಿ. ಆ ನಂಟಿನ ಪ್ರಭಾವವೂ ಇದ್ದೀತು, ಹುಡುಗನು 1868ರಲ್ಲಿ ತಂತಿ ಕಂಪನಿಯೊಂದನ್ನು ಸೇರಿ ಡೆನ್ಮಾರ್ಕಿಗೆ ಹೋದನು. ಬಳಿಕ ನ್ಯೂಕಾಸಲಿನಲ್ಲಿ ದುಡಿದನು. 1874ರಲ್ಲಿ ಆ ಕೆಲಸವನ್ನೂ ಬಿಟ್ಟನು. ಮುಂದೆ ಜೀವಮಾನದಲ್ಲಿ ಬೇರೆ ನೌಕರಿ ಹಿಡಿಯಲಿಲ್ಲ.

ತಂದೆತಾಯಿಗಳ ಮನೆಯ ಕೋಣೆಯೊಂದರಲ್ಲಿ ಕುಳಿತು ಅವನು ಮ್ಯಾಕ್ಸ್‌ವೆಲ್ಲನ ವಿದ್ಯುತ್ಕಾಂತ ಗ್ರಂಥವನ್ನು ಓದತೊಡಗಿದನು. ಅದಕ್ಕೆ ಬೇಕಾದ ಗಣಿತ ಅವನಿಗೆ ತಿಳಿದಿರಲಿಲ್ಲ, ತಾನೇ ಕಲಿತನು. ಇಂದು ವಿದ್ಯಾರ್ಥಿಗಳು ಮ್ಯಾಕ್ಸ್‌ವೆಲ್ಲನ ನಾಲ್ಕು ಸಮೀಕರಣಗಳೆಂದು ಓದುವ ರೂಪ ಬಹುಮಟ್ಟಿಗೆ ಹೆವಿಸೈಡನ ಕೈಯಲ್ಲಿ ಮೂಡಿದುದು.

1880ರ ಪೇಟೆಂಟಿನ ಉದ್ದೇಶ ವ್ಯಾವಹಾರಿಕವಾಗಿತ್ತು. ಪಕ್ಕಪಕ್ಕದಲ್ಲಿ ಹೋಗುವ ದೂರವಾಣಿ ತಂತಿಗಳಲ್ಲಿ ಒಂದರ ಮಾತು ಇನ್ನೊಂದರಲ್ಲಿ ಕೇಳಿಸುತ್ತಿತ್ತು. ಒಂದು ವಾಹಕವನ್ನು ಕೊಳವೆಯಂತಹ ಇನ್ನೊಂದು ವಾಹಕದೊಳಗೆ ಇಟ್ಟರೆ ಈ ಪ್ರೇರಣೆ ಹೊರಗೆ ಹರಡದೆಂದು ಅವನು ಕಂಡುಕೊಂಡನು. ವೇಗವಾಗಿ ಬದಲಾಗುವ ವಿದ್ಯುತ್ತು ತಂತಿಯ ಒಡಲಿನಲ್ಲಿ ಹರಿಯದೆ ಮೇಲ್ಮೈಗೆ ಅಂಟಿಕೊಂಡು ಹರಿಯುವುದನ್ನೂ ಮುಂದೆ ಗಣಿತದಿಂದ ವಿವರಿಸಿದನು. ಇಂಪಿಡೆನ್ಸ್ ಎಂಬ ಪದ 1886ರಲ್ಲಿ ಅವನೇ ಟಂಕಿಸಿದುದು. ಕೇಬಲಿನ ಇಂಪಿಡೆನ್ಸ್ ನಡುವಣ ತಂತಿಯ ಮತ್ತು ಹೊರಗಣ ಬಲೆಯ ಅಳತೆಗಳ ಅನುಪಾತವನ್ನೂ ನಡುವಿನ ನಿರೋಧಕವನ್ನೂ ಅವಲಂಬಿಸಿದೆ. ಹವ್ಯಾಸಿಗಳ ಕೇಬಲಿನಲ್ಲಿ ಅದು ಸಾಮಾನ್ಯವಾಗಿ 50 ಓಮ್. ಬೆಸುಗೆ ಕೆಟ್ಟು ಆ ಅಳತೆ ತಪ್ಪಿದೆಡೆಯಲ್ಲಿ ಅಲೆಯ ಒಂದು ಪಾಲು ಮುಂದೆ ಹೋಗದೆ ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ಇಷ್ಟೆಲ್ಲ ತಿಳಿದವನಿಗೆ ಮನ್ನಣೆ ಸುಲಭವಾಗಿ ದೊರಕಲಿಲ್ಲ. ದೂರದ ದೂರವಾಣಿ ತಂತಿಯಲ್ಲಿ ಇಂಡಕ್ಟೆನ್ಸನ್ನು ಹೆಚ್ಚಿಸಿದರೆ ಮಾತು ಕೆಡದೆ ತಲುಪುವುದೆಂದು 1887ರಲ್ಲಿ ತೋರಿಸಿದನು. ಇಂಡಕ್ಟೆನ್ಸೇ ಕೇಡೆಂದು ನಂಬಿದ್ದ ಅಂಚೆ ಇಲಾಖೆಯ ಹಿರಿಯ ಅಧಿಕಾರಿ ವಿಲಿಯಂ ಪ್ರೀಸನು, ಹೆವಿಸೈಡನು ತನ್ನ ಸಹೋದರ ಆರ್ಥರನೊಡನೆ ಬರೆದ ಪ್ರಬಂಧ ಬೆಳಕಿಗೆ ಬರದಂತೆ ತಡೆದನು. ಹೆವಿಸೈಡನು ಈ ವಿಚಾರಕ್ಕೆ ಪೇಟೆಂಟ್ ಪಡೆದಿರಲಿಲ್ಲ. ಅಮೆರಿಕದಲ್ಲಿ ಮೈಕೆಲ್ ಪುಪಿನನು 1900ರಲ್ಲಿ ಪಡೆದನು. ದೂರವಾಣಿ ಕಂಪನಿ ಅವನಿಗೆ ಬಹು ದೊಡ್ಡ ಮೊತ್ತ ತೆತ್ತಿತು. ಹೆವಿಸೈಡನಿಗೆ ಬಂದುದು 1891ರ ರಾಯಲ್ ಸೊಸೈಟಿಯ ಸದಸ್ಯತ್ವ, 1896ರಿಂದ ವರ್ಷಕ್ಕೆ 120 ಪೌಂಡಿನ ವಿಶ್ರಾಂತಿ ವೇತನ. ಅವನ ಸ್ವಭಾವವೂ ಒರಟು. ವಿರೋಧಿಗಳನ್ನು ಬರಹದಲ್ಲಿ ಚುಚ್ಚದೆ ಬಿಡುತ್ತಿರಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ.

ಡೆವನ್ ಪ್ರಾಂತದಲ್ಲಿ ಏಕಾಂತವಾಗಿದ್ದಾಗಲೇ, 1902ರಲ್ಲಿ, ಬ್ರಿಟಾನಿಕಾ ವಿಶ್ವಕೋಶದ ಲೇಖನವೊಂದರಲ್ಲಿ ಇನ್ನೊಂದು ಊಹೆಯನ್ನು ಮುಂದಿಟ್ಟನು. ವಾತಾವರಣದ ಮೇಲ್ಗಡೆ ವಿದ್ಯುದ್ವಾಹಕವಾದ ಪದರವೊಂದು ಇರಬಹುದು. ಭೂಮಿ ಬಾಗಿದ್ದರೂ ರೇಡಿಯೊ ಅಲೆಗಳು ಅದರ ನೆರವಿನಿಂದ ಬಹುದೂರ ಸಾಗಬಹುದು. ಅದೇ ವರ್ಷ ಅಮೆರಿಕದ ಕೆನೆಲಿಯೂ ಇದೇ ವಿಚಾರವನ್ನು ತಿಳಿಸಿದುದರಿಂದ ಅದಕ್ಕೆ ಕೆನೆಲಿ-ಹೆವಿಸೈಡ್ ಪದರವೆಂದು ಹೆಸರಾಯಿತು. 1923ರ ನವೆಂಬರಿನಲ್ಲಿ ಅಮೆರಿಕದ ಮತ್ತು ಫ್ರಾನ್ಸಿನ ಹವ್ಯಾಸಿಗಳು, ಯಾರಿಗೂ ಬೇಡವೆಂದು ಬಿಟ್ಟಿದ್ದ ಹ್ರಸ್ವ ತರಂಗಗಳಲ್ಲಿ, ಅಟ್ಲಾಂಟಿಕ್ ಸಾಗರದ ಆಚೆ-ಈಚೆ ಪರಸ್ಪರ ಸಂಭಾಷಿಸಿದಾಗ ಅವರ ಅಲೆಗಳು ಮೇಲಿನಿಂದ ಬಾಗಿ ಇಳಿದೇ ಬಂದಿರಬೇಕು. ಕೇಬಲಿನ ಒಂದು ತುದಿಯಲ್ಲಿ ಬೆಸುಗೆ, ಇನ್ನೊಂದು ತುದಿಯಾಚೆ ಆಕಾಶ. ಎರಡೂ ಈ ಮನುಷ್ಯನ ಲೆಕ್ಕದಲ್ಲಿದ್ದುವು.

ಅವನ ಕೇಬಲಿನ ಕಾಲ ಮಾತ್ರ ತಡವಾಗಿ ಬಂದಿತು. ಅಮೆರಿಕದ ಬೆಲ್ ಸಂಸ್ಥೆಯ ಎಂಜಿನಿಯರುಗಳು 1929ರಲ್ಲಿ ಅದನ್ನು ಹೊಸ ರೂಪದಲ್ಲಿ ಎತ್ತಿಕೊಂಡರು. 1956ರಲ್ಲಿ ಅಟ್ಲಾಂಟಿಕ್ ತಳದ ಮೊದಲ ದೂರವಾಣಿ ಕೇಬಲ್ ಏಕಾಕ್ಷ ರಚನೆಯದೇ ಆಗಿತ್ತು. ಅಷ್ಟರೊಳಗೆ ಹೆವಿಸೈಡನು ತೀರಿಹೋಗಿ ಮೂವತ್ತು ವರ್ಷಗಳು ಮೀರಿದ್ದುವು. ಅವನು ಟಾರ್ಕಿಯಲ್ಲಿ 1925ರ ಫೆಬ್ರವರಿ 3ರಂದು ನಿಧನನಾದನು, ಸಮಾಧಿ ಪೇನ್‌ಟನ್ನಿನಲ್ಲಿದೆ. ಅವನು ಊಹಿಸಿದ ಪದರದ ಪ್ರತ್ಯಕ್ಷ ಪ್ರಮಾಣವನ್ನು ಆಪಲ್‌ಟನ್ನನು ಮತ್ತು ಅವನ ಸಹೋದ್ಯೋಗಿ ಬಾರ್ನೆಟ್ಟನು 1924ರ ಡಿಸೆಂಬರಿನ ಪ್ರಯೋಗದಲ್ಲಿ ಕಂಡಿದ್ದರು. ಆ ವರದಿ ಅಚ್ಚಾಗಿ ಹೊರಬಿದ್ದುದು 1925ರ ಮಾರ್ಚಿನಲ್ಲಿ.