ಕುದ್ಮುಲ್ ರಂಗರಾಯರ ಪುಣ್ಯಚರಿತೆ

ರಣಾಂಗಣದಲ್ಲಿ ಶತ್ರುಗಳನ್ನೆದುರಿಸಿದವರನ್ನು ವೀರರೆಂದು ಲೋಕವು ಕೊಂಡಾಡುವುದು ಸಹಜವೇ ಸರಿ. ಆದರೆ ತನ್ನ ನೆರೆಹೊರೆಯವರೂ ಜಾತಿಬಾಂಧವರೂ ತನ್ನೊಡನೆ ಒಂದೇ ಪಂಕ್ತಿಯಲ್ಲಿ ಕುಳಿತುಂಡವರೂ ಅನ್ಯಾಯವನ್ನೇ ಧರ್ಮವೆಂದು ಬಗೆದು ನಡೆಯುತ್ತಿರುವಾಗ, ಅವರ ನಡುವೆಯೇ ನಿಂತು ಅದು ಅಧರ್ಮವೆಂದು ಹೇಳಿ, ಹೇಳಿದಂತೆಯೇ ನಡೆದು, ಅದರಿಂದ ಒದಗುವ ಅವಮಾನಗಳನ್ನೆಲ್ಲ ಸಹಿಸಲು ಬೇಕಾಗುವ ಧೈರ್ಯವು ಅತಿ ವಿರಳವಾದುದು. ಅಂತಹ ಧೈರ್ಯಶಾಲಿಗಳಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರು ಪ್ರಾತಃಸ್ಮರಣೀಯರಾದವರು.

ರಂಗರಾಯರು 1859ನೆಯ ಇಸವಿ ಜೂನ್ 29ರಂದು ಕಾಸರಗೋಡಿನ ಸೀಮೆಯಲ್ಲಿ, ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಜನಿಸಿದರು. ಆ ಸೀಮೆಯು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ತಂದೆ ದೇವಪ್ಪಯ್ಯನವರು, ತಾಯಿ ಗೌರಿಯಮ್ಮನವರು. ತಾರುಣ್ಯದಲ್ಲಿಯೇ ಪಿತೃವಿಯೋಗವುಂಟಾಗಲು ಕುಟುಂಬದ ಭಾರವು ಇವರ ಹೆಗಲಿಗೆ ಬಂದಿತು. ಮಂಗಳೂರಿಗೆ ಬಂದು ಅಲ್ಪ ವೇತನದ ಉಪಾಧ್ಯಾಯ ವೃತ್ತಿಯನ್ನು ಕೈಕೊಂಡು, ಸ್ವಪ್ರಯತ್ನದಿಂದ ವ್ಯಾಸಂಗವನ್ನು ಮುಂದುವರಿಸಿ, ವಕೀಲಿಯ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಬಡವರ ಪಕ್ಷವನ್ನು ಹಿಡಿದು ವಾದಿಸುವ ಸತ್ಯವಂತ ವಕೀಲರೆಂದು ಬಲುಬೇಗ ಹೆಸರಾದರು. ಸುಖವಾಗಿ ಬಾಳಿ, ನಾಲ್ವರಿಂದ ಮನ್ನಣೆ ಪಡೆದು ಕಾಲ ಕಳೆಯಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ.

ಆ ಕಾಲದ ತುಳುನಾಡಿನಲ್ಲಿ ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಜನರ ಬಾಳು ಹೇಳತೀರದಷ್ಟು ದುಸ್ಸಹವಾಗಿದ್ದಿತು. ಊರಿನ ಬಾವಿಯ ನೀರು ಅವರಿಗಿಲ್ಲ. ದೇವರ ಗುಡಿಯ ಬಾಗಿಲು ಅವರಿಗಿಲ್ಲ. ಮಕ್ಕಳಿಗೆ ಪಾಠಶಾಲೆಯ ಜಗಲಿಯೂ ಇಲ್ಲ. ಅನ್ಯರ ಹೊಲದಲ್ಲಿ ದುಡಿಯುವವರಿಗೆ ತಮ್ಮದೆಂಬ ಅಂಗೈಯಗಲ ನೆಲವೂ ಇರಲಿಲ್ಲ. ಅಕ್ಷರ ಕಲಿತ ಇಂತಹ ಯುವಕನೊಬ್ಬನಿಗೆ ನ್ಯಾಯಾಲಯದಲ್ಲಿ ಜವಾನನ ಕೆಲಸ ದೊರೆತಾಗ ಮೇಲ್ಜಾತಿಯವರು ಅವನನ್ನು ಸೈರಿಸಲಾರದೆ ಪೀಡಿಸಿದರೆಂದೂ, ಆ ಪ್ರಸಂಗವೇ ರಂಗರಾಯರ ಮನಸ್ಸನ್ನು ಕಲಕಿತೆಂದೂ ಮಂಗಳೂರಿನವರು ಹೇಳುವುದುಂಟು. ನ್ಯಾಯದ ಮಂದಿರದೊಳಗೇ ನ್ಯಾಯವಿಲ್ಲದುದನ್ನು ಕಂಡ ವಕೀಲರು ಸುಮ್ಮನಿರುವುದು ಹೇಗೆ? ಮಂಗಳೂರಿನಲ್ಲಿ 1870ರಲ್ಲಿ ಸ್ಥಾಪಿತವಾಗಿದ್ದ ಬ್ರಹ್ಮಸಮಾಜವನ್ನು ಅವರು ಸೇರಿದರು. ದೇವರೊಬ್ಬನೆಂದ ಮೇಲೆ ಆತನ ಮಕ್ಕಳಲ್ಲಿ ಮುಟ್ಟಬಹುದಾದವರು, ಮುಟ್ಟಬಾರದವರು ಎಂಬ ಎರಡು ಬಗೆ ಇರಲಾರದೆಂಬುದು ಅವರಿಗೆ ಬರಿಯ ತತ್ತ್ವವಾಗಿ ಉಳಿಯಲಿಲ್ಲ.

1892ರಲ್ಲಿ ಅವರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಈ ಮಕ್ಕಳಿಗಾಗಿ ಪಾಠಶಾಲೆಯೊಂದನ್ನು ತೆರೆದರು. ಒಡನೆಯೇ ವಿರೋಧದ ಬಿರುಗಾಳಿಯೆದ್ದಿತು. ಕಲಿಸಲು ಮೇಲ್ಜಾತಿಯ ಉಪಾಧ್ಯಾಯರು ಮುಂದೆ ಬರಲಿಲ್ಲ. ಸ್ವಜನರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಕ್ಷೌರಿಕನು ಮನೆಯ ಕಡೆಗೆ ಸುಳಿಯಲಿಲ್ಲ. ಅಗಸನು ಬಟ್ಟೆಯನ್ನು ಮುಟ್ಟಲಿಲ್ಲ. ನೆಂಟರಿಷ್ಟರು ಮುಖ ತಿರುಗಿಸಿದರು. ಬೀದಿಯಲ್ಲಿ ನಡೆಯುವಾಗ ಕಲ್ಲಿನ ಏಟೂ ತಪ್ಪಲಿಲ್ಲ. ಈ ದಂಡನೆಯು ಅವರೊಬ್ಬರದೇ ಆಗಿರದೆ, ಮಡದಿ ರುಕ್ಮಿಣಿಯಮ್ಮನವರೂ ಮಕ್ಕಳೂ ಅದನ್ನು ಹಂಚಿಕೊಳ್ಳಬೇಕಾಯಿತು. ಆದರೂ ರಾಯರು ಶಾಲೆಯನ್ನು ಕೈಬಿಡಲಿಲ್ಲ. ಕೂಲಿಯನ್ನು ಬಿಟ್ಟು ಮಕ್ಕಳನ್ನು ಕಳುಹಿಸುವುದು ತಂದೆತಾಯಿಗಳಿಗೆ ಕಷ್ಟವೆಂಬುದನ್ನರಿತು ಮಧ್ಯಾಹ್ನದ ಊಟವನ್ನೂ ಅಷ್ಟಿಷ್ಟು ಕಾಸನ್ನೂ ಕೊಡುವ ಏರ್ಪಾಡು ಮಾಡಿದರು. ಕಾಲಕ್ರಮದಲ್ಲಿ ಅತ್ತಾವರ, ಮೂಲ್ಕಿ, ಉಡುಪಿ ಮೊದಲಾದೆಡೆಗಳಲ್ಲಿಯೂ ಇಂತಹ ಶಾಲೆಗಳು ನಡೆದವು.

1897ರಲ್ಲಿ ಅವರು ಸ್ಥಾಪಿಸಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯು ಈ ಕಾರ್ಯಕ್ಕೆ ಭದ್ರವಾದ ಬುನಾದಿಯಾಯಿತು. ಇಲ್ಲಿ ರಾಯರ ವಿವೇಕವನ್ನು ವಿಶೇಷವಾಗಿ ಗಮನಿಸಬೇಕು. ಹಸಿದವನಿಗೆ ಅನ್ನವಿಕ್ಕುವುದು ದಯೆ. ಆದರೆ ಅವನು ಮತ್ತೆ ಕೈಚಾಚದಂತೆ ಮಾಡುವುದೇ ನ್ಯಾಯವೆಂಬುದು ಅವರ ನಿಲುವಾಗಿದ್ದಿತು. ಆದಕಾರಣ ಅಕ್ಷರದೊಂದಿಗೆ ನೇಯ್ಗೆ, ಮರಗೆಲಸ ಮುಂತಾದ ಕಸುಬುಗಳನ್ನು ಕಲಿಸಿದರು. ವಿದ್ಯಾರ್ಥಿನಿಲಯವನ್ನು ನಡೆಸಿದರು. ಸರಕಾರದಿಂದ ನೆಲವನ್ನು ಪಡೆದು, ಮನೆಯಿಲ್ಲದ ಕುಟುಂಬಗಳಿಗೆ ಹಂಚಿ, ಕೊರಗರೇ ಮೊದಲಾದವರಿಗೆ ತಮ್ಮದೇ ಆದ ಸೂರನ್ನು ಒದಗಿಸಿದರು. ಅಷ್ಟಕ್ಕೇ ನಿಲ್ಲದೆ, ಊರಾಡಳಿತದ ಸಭೆಗಳಲ್ಲಿ ಈ ಜನರ ಪ್ರತಿನಿಧಿಗಳೇ ಕುಳಿತು ತಮ್ಮ ಕಷ್ಟವನ್ನು ತಾವೇ ಹೇಳಿಕೊಳ್ಳುವಂತಾಗಬೇಕೆಂದು ಶ್ರಮಿಸಿದರು. ಅವರ ಪರವಾಗಿ ತಾವೇ ಮಾತನಾಡಿ ಕೀರ್ತಿ ಗಳಿಸುವುದು ಸುಲಭವಾಗಿದ್ದಿತು. ರಾಯರು ಅದನ್ನು ಬಯಸಲಿಲ್ಲ.

ಪರರಿಗೆ ಬೋಧಿಸಿದುದನ್ನು ಅವರು ತಮ್ಮ ಮನೆಯಲ್ಲಿಯೂ ನಡೆಸಿ ತೋರಿಸಿದರು. ವಿಧವಾವಿವಾಹವನ್ನು ಬೆಂಬಲಿಸಿದರು. ಮಗಳು ರಾಧಾಬಾಯಿಯವರಿಗೆ ಉನ್ನತ ವಿದ್ಯಾಭ್ಯಾಸವನ್ನು ಕೊಡಿಸಿದುದಲ್ಲದೆ, ಜಾತಿಯ ಕಟ್ಟನ್ನು ಮೀರಿ ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರರಾದ ಡಾಕ್ಟರ್ ಪಿ. ಸುಬ್ಬರಾಯನ್ ಅವರಿಗೆ ವಿವಾಹ ಮಾಡಿಕೊಟ್ಟರು. ಈ ಅಳಿಯಂದಿರು 1926ರಲ್ಲಿ ಮದರಾಸು ಆಧಿಪತ್ಯದ ಮುಖ್ಯಮಂತ್ರಿಗಳಾದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು.

ಸರಕಾರವು ರಾವ್ ಸಾಹೇಬ್ ಎಂಬ ಬಿರುದನ್ನಿತ್ತಿತು. ಆದರೆ ಬಿರುದುಬಾವಲಿಗಳಿಗೆ ಅವರ ಮನಸ್ಸು ಸೋಲಲಿಲ್ಲ. ಮುಪ್ಪಿನಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರೆನಿಸಿಕೊಂಡು, 1928ನೆಯ ಇಸವಿ ಜನವರಿ 30ರಂದು ದೇಹತ್ಯಾಗ ಮಾಡಿದರು. ಮರಣಾನಂತರ ತಮ್ಮ ಶರೀರವನ್ನು ಜಲಗಾರ ಬಂಧುಗಳೇ ಹೊತ್ತು ಅಂತ್ಯಕ್ರಿಯೆಯನ್ನು ನೆರವೇರಿಸಬೇಕೆಂಬುದು ಅವರ ಇಚ್ಛೆಯಾಗಿದ್ದಿತು. ಬದುಕಿರುವಾಗ ಯಾರನ್ನು ಮುಟ್ಟಿದುದಕ್ಕಾಗಿ ಊರು ಅವರನ್ನು ಹೊರಗಿಟ್ಟಿತೋ, ಅವರ ಹೆಗಲೇ ರಾಯರಿಗೆ ಕಡೆಯ ಪಲ್ಲಕ್ಕಿಯಾಗಲೆಂಬುದು ಇದರ ಭಾವ. ಇನ್ನೊಂದು ಬಯಕೆಯೂ ಅವರಿಗಿದ್ದಿತು. ಈ ಜನರ ಮಕ್ಕಳು ವಿದ್ಯಾವಂತರಾಗಿ, ಸರಕಾರದ ಅಧಿಕಾರಕ್ಕೆ ಬಂದು, ಊರ ಹಾದಿಯಲ್ಲಿ ಮೋಟಾರಿನಲ್ಲಿ ಸಂಚರಿಸಬೇಕು. ಆಗ ಏಳುವ ಧೂಳು ತಮ್ಮ ತಲೆಯನ್ನು ಸೋಂಕಿದರೆ ಜನ್ಮವು ಸಾರ್ಥಕ ಎಂಬುದು ಆ ಬಯಕೆ. ನಂದಿಗುಡ್ಡೆಯಲ್ಲಿರುವ ಅವರ ಸಮಾಧಿಯು ಇದಕ್ಕೆ ಸಾಕ್ಷಿಯಾಗಿದೆ. 1934ರಲ್ಲಿ ಮಂಗಳೂರಿಗೆ ಬಂದ ಮಹಾತ್ಮಾ ಗಾಂಧಿಯವರು ರಾಯರ ಸೇವೆಯನ್ನು ಮನಸಾರೆ ಕೊಂಡಾಡಿದರು.

1950ನೆಯ ಇಸವಿ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 17ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿ, ಅದರ ಆಚರಣೆಯನ್ನು ನಿಷೇಧಿಸಿತು. ರಂಗರಾಯರು ಚಿಲಿಂಬಿಯಲ್ಲಿ ಶಾಲೆಯ ಬಾಗಿಲನ್ನು ತೆರೆದುದು ಅದಕ್ಕೆ 58 ವರುಷಗಳಷ್ಟು ಮೊದಲು. ಅಂದು ಅವರ ಬೆನ್ನಿಗೆ ಕಾಯಿದೆಯಿರಲಿಲ್ಲ, ಜನಬಲವಿರಲಿಲ್ಲ; ಅಂತಃಸಾಕ್ಷಿಯೊಂದೇ ಇದ್ದಿತು. ಬಹಿಷ್ಕಾರ ಹಾಕಿದ ಅದೇ ನಗರದ ಪುರಭವನವು ಇಂದು ಅವರ ಹೆಸರನ್ನು ಹೊತ್ತಿದೆ. ಆದರೆ ಕಾಯಿದೆಯು ಬಂದ ಮಾತ್ರಕ್ಕೆ ಮನಸ್ಸಿನ ಮೈಲಿಗೆ ತೊಳೆದುಹೋಗುವುದಿಲ್ಲ. ಊರಿನ ಬಾವಿಯ ಬಳಿಯಲ್ಲಿ, ಅನ್ನದ ಪಂಕ್ತಿಯಲ್ಲಿ, ಗುಡಿಯ ಹೊಸ್ತಿಲಲ್ಲಿ ಒಬ್ಬನು ಹಿಂದೆ ಸರಿಸಲ್ಪಡುತ್ತಿರುವುದನ್ನು ಕಂಡಾಗ ಸುಮ್ಮನಿರದೆ ಅವನ ಪಕ್ಕದಲ್ಲಿ ಹೋಗಿ ನಿಲ್ಲುವವನೇ ರಂಗರಾಯರಿಗೆ ನಿಜವಾದ ಗೌರವವನ್ನು ಸಲ್ಲಿಸಿದವನು. ಸದ್ಭಕ್ತರೆಲ್ಲರಿಗೂ ಆ ಧೈರ್ಯವು ಲಭಿಸಲಿ.